ಮೂರು ಚುಕ್ಕೆಯ ಅಕ್ಷರ, 80 ಕಾಲಂನ ಸಾಲು

ಕಮೊಡೋರ್ 64 ಕಂಪ್ಯೂಟರಿನ ಪರದೆಯಲ್ಲಿ ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಸುತ್ತಿತ್ತು ಗೊತ್ತಾ? 40. ಜೆಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಅದೂ ಇಲ್ಲ, ಬರೀ 32. ಎರಡೂ 1982ರ ಮಷೀನುಗಳು. ಎರಡನ್ನೂ ಮನೆಯ ಟಿವಿಗೇ ಸಿಕ್ಕಿಸಿಕೊಳ್ಳಬೇಕು. ಆಟ ಆಡೋಕೆ ಇಷ್ಟು ಧಾರಾಳ ಸಾಕು. ಆದರೆ ಒಂದು ಪತ್ರ ಟೈಪ್ ಮಾಡಿ ಪ್ರಿಂಟ್ ತೆಗೀಬೇಕು ಅಂತ ಕೂತರೆ ತಲೆನೋವು ಶುರು. ಪ್ರಿಂಟರಿನಲ್ಲಿ ಸಾಲಿಗೆ 80 ಅಕ್ಷರ. ಆಫೀಸಿನ ಸಾಫ್ಟ್‌ವೇರೆಲ್ಲ 80 ಅಕ್ಷರವನ್ನೇ ನಂಬಿಕೊಂಡಿತ್ತು. 1928ರಲ್ಲಿ ಐಬಿಎಂ ತನ್ನ ಪಂಚ್ ಕಾರ್ಡಿಗೆ (ತೂತು ಹೊಡೆದು ಮಾಹಿತಿ ತುಂಬುವ ರಟ್ಟಿನ ಚೀಟಿ) 80 ಕಾಲಂ, ಅಂದರೆ 80 ಅಕ್ಷರದ ಜಾಗ ಇಟ್ಟಿತಲ್ಲ, ಆ ಲೆಕ್ಕ ಅಲ್ಲಿಂದ ಇಲ್ಲಿವರೆಗೂ ಬೆನ್ನು ಬಿಟ್ಟಿರಲಿಲ್ಲ.

ಹೊಸ ಹಾರ್ಡ್‌ವೇರ್ ಕೊಳ್ಳದೆ, ಸಾಫ್ಟ್‌ವೇರಿನಿಂದಲೇ ಪರದೆಯನ್ನು ದೊಡ್ಡದು ಮಾಡೋಕೆ ಆಗ ಎರಡು ದಾರಿ ಇದ್ದವು. ಒಂದು, ಅಕ್ಷರಗಳನ್ನೇ ಒತ್ತಿ ಒತ್ತಿ ಸಣ್ಣಗೆ ಮಾಡೋದು. ಇನ್ನೊಂದು, ದೊಡ್ಡ ಹಾಳೆಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಅದರ ಒಂದು ತುಂಡನ್ನು ಮಾತ್ರ ತೋರಿಸೋದು. ಹಳೇ ಕಂಪ್ಯೂಟರ್ ಪ್ರಿಯರು ಜಾಸ್ತಿ ಹೊಗಳೋದು ಎರಡನೇದನ್ನು. ನೋಡೋಕೆ ಚೆಂದ, ಅಕ್ಷರ ಸ್ಪಷ್ಟ, ಅಲ್ವಾ? ನನಗೆ ಮಾತ್ರ ಮೊದಲನೇದೇ ಸರಿ ಅನ್ನಿಸುತ್ತದೆ. ಯಾಕೆ ಅಂತ ಹೇಳ್ತೀನಿ.

ಕಮೊಡೋರ್ ಪರದೆಯ ಅಗಲ 320 ಚುಕ್ಕೆ. ಒಂದು ಅಕ್ಷರಕ್ಕೆ 8 ಚುಕ್ಕೆ ಕೊಟ್ಟರೆ 40 ಅಕ್ಷರ. 4 ಕೊಟ್ಟರೆ 80. ಆ ನಾಲ್ಕರಲ್ಲೂ ಒಂದನ್ನು ಪಕ್ಕದ ಅಕ್ಷರಕ್ಕೆ ತಾಗದ ಹಾಗೆ ಖಾಲಿ ಬಿಡಬೇಕು. ಉಳಿಯೋದು ಮೂರು. ಈಗ ಮೂರೇ ಚುಕ್ಕೆ ಅಗಲದಲ್ಲಿ ಇಂಗ್ಲಿಷಿನ ದೊಡ್ಡ ಎಂ ಬರೆಯಿರಿ ನೋಡೋಣ. ಎಡಕ್ಕೊಂದು ಕಂಬ, ಬಲಕ್ಕೊಂದು ಕಂಬ. ನಡುವೆ ಇರೋದು ಒಂದೇ ಚುಕ್ಕೆಯ ಸಂದು. ಆ ಸಂದಿನ ಮೇಲ್ಗಡೆ ಚುಕ್ಕೆ ಇಟ್ಟರೆ ಎಂ. ಮಧ್ಯದಲ್ಲಿ ಇಟ್ಟರೆ ಎಚ್. ಕೆಳಗೆ ಇಟ್ಟರೆ ಡಬ್ಲ್ಯು. ಮೂರು ಅಕ್ಷರಗಳ ಹಣೆಬರಹ ಒಂದು ಚುಕ್ಕೆಯ ಕೈಯಲ್ಲಿ!

ಒಂಟಿ ಅಕ್ಷರ ನೋಡಿದರೆ ಖಂಡಿತ ಗಲಿಬಿಲಿ ಆಗುತ್ತದೆ. ಆದರೆ ನಾವು ಯಾರೂ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದೋದಿಲ್ಲ. ಪದ ಇಡಿಯಾಗಿ ಕಣ್ಣಿಗೆ ಬೀಳುತ್ತದೆ, ಅರೆಬರೆ ಅಕ್ಷರವನ್ನು ತಲೆ ತಾನೇ ತುಂಬಿಕೊಳ್ಳುತ್ತದೆ. ಈ ಸಾಫ್ಟ್‌ವೇರ್ ಬರೆದವರು ಓದುಗನ ತಲೆಯ ಮೇಲೆ ನಂಬಿಕೆ ಇಟ್ಟರು. ಆ ನಂಬಿಕೆ ಇಂಗ್ಲಿಷಿಗೆ ಮಾತ್ರ ಸರಿ, ಬಿಡಿ. ನಮ್ಮ 'ಣ', 'ಘ'ಗಳನ್ನು ಮೂರು ಚುಕ್ಕೆಯಲ್ಲಿ ಬರೆಯೋಕೆ ಬ್ರಹ್ಮನಿಗೂ ಆಗೋದಿಲ್ಲ. ಒತ್ತಕ್ಷರದ ಮಾತಂತೂ ಬೇಡವೇ ಬೇಡ.

ಒಳಗಡೆ ನಡೆಯೋ ಕೆಲಸವೂ ಮಜವಾಗಿದೆ. ಪರದೆಯ 8 ಚುಕ್ಕೆ ಅಂದರೆ ಮೆಮೊರಿಯ ಒಂದು ಬೈಟ್. ಈಗ ಒಂದೇ ಬೈಟಿನಲ್ಲಿ ಇಬ್ಬರು ಬಾಡಿಗೆದಾರರು. ಎಡಗಡೆಯ ಅಕ್ಷರ ಬದಲಿಸುವಾಗ ಬಲಗಡೆಯದು ಅಳಿಸಬಾರದು. ಹಾಗಾಗಿ ಮೊದಲು ಹಳೇ ಬೈಟ್ ಓದಬೇಕು, ಅರ್ಧ ಉಳಿಸಿಕೊಳ್ಳಬೇಕು, ಉಳಿದರ್ಧಕ್ಕೆ ಹೊಸದನ್ನು ಸೇರಿಸಬೇಕು. ಅಕ್ಷರದ ಎತ್ತರವೂ 8 ಚುಕ್ಕೆ, ಹಾಗಾಗಿ ಒಂದು ಅಕ್ಷರಕ್ಕೆ ಇದೇ ಕೆಲಸ ಎಂಟು ಸಲ. ಮಾಮೂಲಿ 40 ಕಾಲಂನಲ್ಲಾದರೆ ಒಂದು ಬೈಟ್ ಬರೆದರೆ ಮುಗೀತು, ಅಕ್ಷರ ಬಿಡಿಸೋದು ವಿಡಿಯೋ ಚಿಪ್‌ನ ಕೆಲಸ. ಅಲ್ಲಿ ಇಡೀ ಪರದೆ ಅಂದರೆ 1000 ಬೈಟ್. ಇಲ್ಲಿ 8000. ಪ್ರೊಸೆಸರ್ ವೇಗವೋ, ಸುಮಾರು 1 ಮೆಗಾಹರ್ಟ್ಸ್. ಪಠ್ಯ ಮೇಲಕ್ಕೆ ಸರಿಯುವಾಗ ಏದುಸಿರು ಬಿಡೋದು ಕಣ್ಣಿಗೇ ಕಾಣುತ್ತದೆ. ಸಾಲದ್ದಕ್ಕೆ ಅಕ್ಕಪಕ್ಕದ ಎರಡು ಅಕ್ಷರಕ್ಕೂ ಒಂದೇ ಬಣ್ಣ, ಬೇರೆ ಕೊಡೋಕೆ ಜಾಗ ಇಲ್ಲ. ಸ್ಪೆಕ್ಟ್ರಮ್‌ನ ಟಾಸ್‌ವರ್ಡ್ ಟೂ ಅನ್ನೋ ವರ್ಡ್ ಪ್ರೊಸೆಸರ್ ಕೂಡ ಸಾಲಿಗೆ 64 ಅಕ್ಷರ ತೋರಿಸಿದ್ದು ಇದೇ ಉಪಾಯದಿಂದ.

ಇನ್ನು ಎರಡನೇ ದಾರಿ. 1981ರ ಆಸ್ಬೋರ್ನ್ 1 ನೋಡಿ. ಇದು ಹೊತ್ತುಕೊಂಡು ಹೋಗೋ ಕಂಪ್ಯೂಟರ್. ತೂಕ ಸುಮಾರು 11 ಕಿಲೋ, ಪರದೆ ಮಾತ್ರ 5 ಇಂಚು! ಇದನ್ನು ತಂದ ಆಡಂ ಆಸ್ಬೋರ್ನ್ ಬೆಳೆದದ್ದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ, 2003ರಲ್ಲಿ ತೀರಿಕೊಂಡದ್ದು ಕೊಡೈಕೆನಾಲ್‌ನಲ್ಲಿ. ಪರದೆಯಲ್ಲಿ ಕಾಣೋದು 52 ಕಾಲಂ. ಮೆಮೊರಿಯಲ್ಲಿ ಇರೋ ಸಾಲು 128 ಕಾಲಂ ಅಗಲ. ಕಂಟ್ರೋಲ್ ಜೊತೆ ಬಾಣದ ಕೀ ಒತ್ತಿದರೆ ಪರದೆ ಪಕ್ಕಕ್ಕೆ ಸರಿಯುತ್ತದೆ. ಅಕ್ಷರ ಚೆನ್ನಾಗೇ ಇದೆ. ಆದರೆ 80 ಅಕ್ಷರದ ಸಾಲಿನ ಕೊನೆ ನೋಡೋಕೆ ಹೋದರೆ ಶುರು ಮಾಯ, ಶುರುವಿಗೆ ಬಂದರೆ ಕೊನೆ ಮಾಯ. ಕಿಟಕಿ ಸಂದಿಯಿಂದ ತೇರು ನೋಡಿದ ಹಾಗೆ. ಬರೆಯುವವನಿಗೆ ಬೇಕಾದದ್ದು ಸಾಲು ಎಲ್ಲಿ ಮುರಿಯುತ್ತದೆ, ಪ್ಯಾರಾ ಹೇಗೆ ಕೂರುತ್ತದೆ ಅನ್ನೋದು. ಅದೇ ಕಾಣಿಸದಿದ್ದರೆ ಅಂದದ ಅಕ್ಷರ ತಗೊಂಡು ಏನು ಮಾಡೋದು?

ಈ ದಾರಿ ಪೂರ್ತಿ ದಂಡ ಅಂತ ನಾನು ಹೇಳೋದಿಲ್ಲ. ಆಪಲ್‌ನ ಮೊದಲ ಮ್ಯಾಕಿಂಟಾಷ್‌ಗಳ ಪರದೆ 512 ಗುಣಿಸು 342 ಚುಕ್ಕೆ. ಬರ್ಕ್ಲಿ ಸಿಸ್ಟಮ್ಸ್ ಅದಕ್ಕೆ 'ಸ್ಟೆಪಿಂಗ್ ಔಟ್' ಅಂತ ಒಂದು ಸಾಫ್ಟ್‌ವೇರ್ ಮಾಡಿತು. ಪರದೆಗಿಂತ ದೊಡ್ಡದೊಂದು ಹಾಳೆ ಒಳಗೆ ಇದೆ ಅಂತ ಮ್ಯಾಕ್‌ಗೇ ನಂಬಿಸೋ ಕೆಲಸ ಅದರದು. ಚಿತ್ರ ಬಿಡಿಸೋರಿಗೆ ಇದು ಅನುಕೂಲವೇ. ಆದರೆ ಅದರ ಕೋಡ್ ನಿಜವಾಗಿ ಕೈ ಹಿಡಿದದ್ದು ಬೇರೆ ಕಡೆ. ಮುಂದೆ ಅದನ್ನೇ ಆಧಾರ ಮಾಡಿಕೊಂಡು 'ಇನ್‌ಲಾರ್ಜ್' ಬಂತು, ದೃಷ್ಟಿ ಕಡಿಮೆ ಇರುವವರಿಗೆ ಪರದೆಯನ್ನು ಹಿಗ್ಗಿಸಿ ತೋರಿಸುವ ಸಾಫ್ಟ್‌ವೇರ್. ದೊಡ್ಡದರ ಒಂದು ತುಂಡು ಸಾಕು ಅನ್ನೋರಿಗೆ ಈ ಕಿಟಕಿ ಸರಿ. ಪೂರ್ತಿ ಬೇಕು ಅನ್ನೋರಿಗೆ ಅಲ್ಲ. ಮೊಬೈಲಿನಲ್ಲಿ ಎಕ್ಸೆಲ್ ಶೀಟ್ ತೆಗೆದು ಅತ್ತ ಇತ್ತ ಎಳೆದಾಡಿದವರಿಗೆ ನಾನೇನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ತಕರಾರು ಮಾತ್ರ ನಾನು ಒಪ್ಪುತ್ತೇನೆ. ಕಮೊಡೋರ್‌ನ ಸ್ವಂತ ಅಕ್ಷರಗಳಲ್ಲಿ ನೆಟ್ಟಗಿನ ಗೀಟು ಎರಡು ಚುಕ್ಕೆ ದಪ್ಪ ಇರುತ್ತದೆ. ಒಂದೇ ಚುಕ್ಕೆ ದಪ್ಪದ ಗೀಟು ಆ ಕಾಲದ ಟಿವಿಯಲ್ಲಿ ಕಲಸಿಹೋಗುತ್ತಿತ್ತು. ಮೂರು ಚುಕ್ಕೆಯ ಅಕ್ಷರಕ್ಕೆ ಆ ದಪ್ಪ ಎಲ್ಲಿಂದ ತರೋದು? 1985ರ ಕಮೊಡೋರ್ 128ರಲ್ಲಿ 80 ಕಾಲಂಗೇ ಅಂತ ಬೇರೆ ಚಿಪ್ ಹಾಕಿದ ಮೇಲೆ ಈ ಕಸರತ್ತು ಬೇಕಾಗಲಿಲ್ಲ. ಅಕ್ಷರ ಕಲಸಿಹೋಗುತ್ತಿದ್ದದ್ದು ಹಳೇ ಟಿವಿಯಲ್ಲಿ, ಆದ್ದರಿಂದ ಈಗ ಯಾರಾದರೂ ಇದನ್ನು ಪರೀಕ್ಷೆ ಮಾಡೋದಾದರೆ ಎಲ್‌ಸಿಡಿಯ ಚೊಕ್ಕ ಚುಕ್ಕೆ ನೋಡಿ ತೀರ್ಪು ಕೊಡಬೇಡಿ. ಇವತ್ತಿನ ಕಂಪ್ಯೂಟರಿನಲ್ಲೇ ಕಮೊಡೋರ್ 64 ಅನ್ನು ಅನುಕರಿಸಿ ತೋರಿಸುವ ವೈಸ್ ಎಮ್ಯುಲೇಟರಿನಲ್ಲಿ ಹಳೇ ಟಿವಿಯ ಫಿಲ್ಟರ್ ಆನ್ ಮಾಡಿ, ಕಪ್ಪು ಹಿನ್ನೆಲೆಗೆ ಬೂದು ಅಕ್ಷರ ಇಟ್ಟು ಒಂದು ಪುಟ ಟೈಪ್ ಮಾಡಿ. ಆಮೇಲೆ ಮೇಮ್ ಅನ್ನೋ ಇನ್ನೊಂದು ಎಮ್ಯುಲೇಟರಿನಲ್ಲಿ ಆಸ್ಬೋರ್ನ್ ತೆರೆದು ಅದೇ ಪುಟವನ್ನು 80 ಕಾಲಂನಲ್ಲಿ ಟೈಪ್ ಮಾಡಿ ನೋಡಿ. ಎಷ್ಟು ಸಲ ಬಾಣದ ಕೀ ಒತ್ತಿದಿರಿ ಅಂತ ನಿಮಗೇ ಗೊತ್ತಾಗುತ್ತದೆ.