ಹಗ್ಗ ಎಳೆದು ಸಾಕಾಯ್ತಾ? ಮೊದಲು ಟ್ಯಾಂಕ್ ನೋಡಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದು ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ, ಹುಲ್ಲು ಹೊಡೆಯುವವರು ಬೆಳಿಗ್ಗೆಯೇ ಬಂದು ನಿಂತಿರುತ್ತಾರೆ, ಬೇಸಿಗೆಯಿಡೀ ಕೊಟ್ಟಿಗೆಯ ಮೂಲೆಯಲ್ಲಿದ್ದ ವೀಡ್ ಕಟರ್ ಮಾತ್ರ ಏಳುವುದಿಲ್ಲ. ಹೇಗೋ ಸ್ಟಾರ್ಟ್ ಆದರೂ ಎರಡು ನಿಮಿಷಕ್ಕೆ ನಿಂತುಬಿಡುತ್ತದೆ. ಆಗ ನಮ್ಮ ಕೈ ಸೀದಾ ಹೋಗುವುದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬರೇಟರಿನ ಸ್ಕ್ರೂಗೆ, ಅಲ್ವಾ? ದಯವಿಟ್ಟು ಮುಟ್ಟಬೇಡಿ. ಹೋದ ಸಲ ಚೆನ್ನಾಗಿ ಓಡಿದ ಮಿಷನ್ನಿನ ಸ್ಕ್ರೂ ಸಾಮಾನ್ಯವಾಗಿ ತಾನಾಗಿ ತಿರುಗುವುದಿಲ್ಲ. ಕೆಟ್ಟಿರುವುದು ಹೆಚ್ಚಾಗಿ ಪೆಟ್ರೋಲ್.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಜೂನ್ ತಿಂಗಳ ಗಾಳಿ ನಿಮಗೇ ಗೊತ್ತು. ನೀರು ಜಾಸ್ತಿಯಾದರೆ ಎಥನಾಲ್ ಅದರ ಜೊತೆ ಸೇರಿಕೊಂಡು, ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಇರುವುದೂ ತಳದಲ್ಲೇ. ಎಂಜಿನ್ ಮೊದಲು ಹೀರುವುದು ಅದನ್ನೇ. ನಾವು ಪೆಟ್ರೋಲಿಗೆ ಬೆರೆಸುವ 2ಟಿ (ಟೂ-ಸ್ಟ್ರೋಕ್) ಆಯಿಲ್ ಹೆಚ್ಚಿನದು ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದರಿಂದ ಪಿಸ್ಟನ್ನಿಗೆ ಎಣ್ಣೆಯೂ ಸರಿಯಾಗಿ ಸಿಗುವುದಿಲ್ಲ.

ಹಳೆಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ಉತ್ತರ ಅಲ್ಲೇ ಇದೆ. ಪದರ ಕಾಣದಿದ್ದರೂ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಬೇಡ. ಹೊಸದು ಹಾಕಿ. ಆಯಿಲ್ ಬೆರಕೆ 1:50 ಅಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್. ನಿಮ್ಮ ಮಿಷನ್ನಿನ ಪುಸ್ತಕದಲ್ಲಿ 1:25 ಅಂತ ಇದ್ದರೆ 40 ಎಂಎಲ್. ಇರಲಿ ಅಂತ ಸುಮ್ನೆ ಜಾಸ್ತಿ ಸುರಿದರೆ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ.

ಆಮೇಲೆ ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಪೆಟ್ರೋಲ್ ತುಂಬಿಕೊಂಡಿದೆ: ಚೋಕ್ ತೆಗೆದು, ಪ್ಲಗ್ ಇಲ್ಲದೆಯೇ ನಾಲ್ಕಾರು ಸಲ ಹಗ್ಗ ಎಳೆಯಿರಿ, ಒರೆಸಿ ಹಾಕಿ. ಪೂರ್ತಿ ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ, ಫಿಲ್ಟರ್ ಮತ್ತು ಪೈಪ್ ನೋಡಿ.

ಎಂಜಿನ್ ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿದರೆ ಅರ್ಧ ಕೆಲಸ ಆದ ಹಾಗೆ. ಐದು-ಹತ್ತು ನಿಮಿಷ ಓಡಿ ನಿಂತರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಗಾಳಿ ಒಳಗೆಳೆದ ಸದ್ದು ಬಂದು, ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಚಿಕ್ಕ ರಿಪೇರಿ, ಆದರೆ ಎಷ್ಟೋ ಜನ ಇದಕ್ಕಾಗಿ ಕಾರ್ಬರೇಟರನ್ನೇ ಬದಲಾಯಿಸುತ್ತಾರೆ. ಸುಮ್ಮನೆ ಓಡುತ್ತದೆ, ರೇಸ್ ಕೊಟ್ಟರೆ ಏರುವುದಿಲ್ಲ ಅಂತಾದರೆ ಏರ್ ಫಿಲ್ಟರ್ ತೊಳೆಯಿರಿ, ಸೈಲೆನ್ಸರಿನ ಬಾಯಲ್ಲಿ ಸಣ್ಣ ಜಾಲರಿ ಇದ್ದರೆ ಅದರ ಮಸಿ ತೆಗೆಯಿರಿ.

ಚೋಕ್ ಹಾಕಿದ್ದಾಗ ಓಡಿ, ತೆಗೆದ ಕೂಡಲೇ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್ ಸ್ವಚ್ಛವಿದ್ದರೆ ಈಗ ಕಾರ್ಬರೇಟರಿನ ಸರದಿ. ಮುಚ್ಚಳದ ಸ್ಕ್ರೂ ಬಿಚ್ಚಿ ಎತ್ತಿದರೆ ಒಳಗೆ ಡಯಾಫ್ರಮ್ ಅನ್ನುವ ಕಪ್ಪು ಪೊರೆ ಇರುತ್ತದೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಹೊಸದು ಮೆತ್ತಗೆ ಬಾಗುತ್ತದೆ, ಸದ್ದೇ ಬರುವುದಿಲ್ಲ. ಹಳೆಯದು ಗಡುಸಾಗಿರುತ್ತದೆ, ಚರಚರ ಅನ್ನುತ್ತದೆ. ಅದು ಬಾಗದಿದ್ದರೆ ಸೂಜಿ ವಾಲ್ವ್ ಸರಿಯಾಗಿ ತೆರೆಯದು, ಪೆಟ್ರೋಲ್ ಬಾರದು. ಡಯಾಫ್ರಮ್, ಗ್ಯಾಸ್ಕೆಟ್ ಇರುವ ಕಿಟ್ ಬೇರೆಯಾಗಿ ಸಿಗುತ್ತದೆ. ಕಾರ್ಬರೇಟರಿನ ಮೇಲಿನ ನಂಬರ್ ಬರೆದುಕೊಂಡು ಹೋಗಿ. ಗ್ಯಾಸ್ಕೆಟ್ ಮತ್ತು ಡಯಾಫ್ರಮ್ ಇದ್ದ ಕ್ರಮದಲ್ಲೇ ಕೂರಬೇಕು, ಬಿಚ್ಚುವಾಗಲೇ ಫೋನಿನಲ್ಲಿ ಫೋಟೋ ತೆಗೆದಿಡಿ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಮಿಷನ್ನಿನಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬೇಕು. ನಿಂತ ತಕ್ಷಣ, ಬಿಸಿ ಇರುವಾಗಲೇ ಕಿಡಿ ನೋಡಬೇಕು, ಚೆಲ್ಲಿದ ಪೆಟ್ರೋಲಿನಿಂದ ದೂರ ಹೋಗಿ. ಕಿಡಿ ಚೆನ್ನಾಗಿದೆ, ಪೆಟ್ರೋಲೂ ಬರುತ್ತಿದೆ, ಆದರೆ ಹಗ್ಗ ಎಳೆದರೆ ಕೈಗೆ ಬಿಗಿಯೇ ಸಿಗುವುದಿಲ್ಲ ಅಂತಾದರೆ ಕಂಪ್ರೆಷನ್, ಅಂದರೆ ಎಂಜಿನ್ ಒಳಗಿನ ಒತ್ತಡ, ಹೋಗಿದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ, ಇಲ್ಲಿಯವರೆಗೆ ಏನೇನು ನೋಡಿದ್ದೀರಿ ಅಂತ ಅವರಿಗೆ ಹೇಳಿ.