ಬಾಂಡ್ ಹುಟ್ಟಿದ ಮೇಜು

ಕೇಳುಗರಿಗೆ ನಮಸ್ಕಾರ. ಒಗ್ಗರಣೆ ಹಾಕುತ್ತಾ ಕೇಳುತ್ತಿರುವವರು ಸೌಂಡ್ ಒಂಚೂರು ಜಾಸ್ತಿ ಮಾಡಿಕೊಳ್ಳಿ. ನನ್ನನ್ನು ಕರೆದದ್ದು ಜೇಮ್ಸ್ ಬಾಂಡ್ ಬಗ್ಗೆ ಮಾತಾಡಲಿಕ್ಕೆ. ನಾನು ಮಾತಾಡುವುದು ಒಂದು ಮೇಜಿನ ಬಗ್ಗೆ.

2008ರಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಒಂದು ಪ್ರದರ್ಶನ ಇತ್ತು. ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಹುಟ್ಟಿ ನೂರು ವರ್ಷವಾಗಿತ್ತು. ಆ ಕಟ್ಟಡ ಹಿಂದೆ ಹುಚ್ಚಾಸ್ಪತ್ರೆ ಆಗಿತ್ತಂತೆ, ಈಗ ಬಾಗಿಲಲ್ಲಿ ಯುದ್ಧನೌಕೆಯ ಎರಡು ಭಾರಿ ತೋಪು ನಿಲ್ಲಿಸಿದ್ದಾರೆ. ಒಳಗೆ ನಟ ಡೇನಿಯಲ್ ಕ್ರೇಗ್ ಬಾಂಡ್ ಸಿನಿಮಾದಲ್ಲಿ ತೊಟ್ಟ, ರಕ್ತದ ಕಲೆಯ ಅಂಗಿ. ಜನವೆಲ್ಲ ಅಲ್ಲೇ. ಜಮೈಕಾದಿಂದ ತಂದ ಫ್ಲೆಮಿಂಗ್‌ನ ಬರೆಯುವ ಮೇಜು ಮಾತ್ರ ಒಂಟಿಯಾಗಿತ್ತು. ನನಗೆ ಸಿಟ್ಟೇ ಬಂತು.

ಯಾಕೆ ಅಂತೀರಾ? ಫ್ಲೆಮಿಂಗ್ ಗೋಡೆ ಹಾರಿದ ಗೂಢಚಾರ ಅಲ್ಲ. ಮೇಜಿನ ಮನುಷ್ಯ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಗುಪ್ತಚರ ಮುಖ್ಯಸ್ಥ ಅಡ್ಮಿರಲ್ ಗಾಡ್‌ಫ್ರೀಗೆ ಸಹಾಯಕ. 39ನೇ ನಂಬರಿನ ಕೋಣೆಯಲ್ಲಿ ಕೂತು ಫೈಲು ಓದುವುದು, ಟಿಪ್ಪಣಿ ಬರೆಯುವುದು, ಉಪಾಯ ಹೂಡುವುದು. ಶತ್ರುಗಳ ಸಂಕೇತ ಪುಸ್ತಕ ಕಸಿದು ತರಲು ಒಂದು ಕಮಾಂಡೋ ತುಕಡಿ ಇತ್ತು. ಹೋಗುವವರು ಅವರು, ಲಂಡನ್ನಿನಿಂದ ಹೇಳಿ ಕಳಿಸುವವನು ಇವನು. ಆಮೇಲೆ 1952ರಲ್ಲಿ ಜಮೈಕಾದ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತ. ಮರುವರ್ಷ ಮೊದಲ ಕಾದಂಬರಿ ಬಂತು. ನಮ್ಮ ರಾಜಕುಮಾರ್ 1968ರಲ್ಲಿ ‘ಜೇಡರ ಬಲೆ’ಯ ಸಿ.ಐ.ಡಿ. 999 ಆಗಿ ಪಿಸ್ತೂಲು ಹಿಡಿದರಲ್ಲ, ಅದೂ ಈ ಮೇಜಿನ ಮರಿಮಗುವೇ.

ಈಗ ನನಗಿಷ್ಟವಾದ ಕಥೆ. 1956ರಲ್ಲಿ ಗ್ಲಾಸ್ಗೋದಿಂದ ಫ್ಲೆಮಿಂಗ್‌ಗೆ ಒಂದು ಕಾಗದ ಬಂತು. ಬರೆದವನು ಜೆಫ್ರಿ ಬೂತ್‌ರಾಯ್ಡ್, ಬಂದೂಕಿನ ಹುಚ್ಚಿನವನು. ನಿಮ್ಮ ಬಾಂಡ್ ಇಷ್ಟ, ಆದರೆ ಅವನ ಕೈಯಲ್ಲಿರುವ ಬೆರೆಟ್ಟಾ ಪಿಸ್ತೂಲು ಹೆಂಗಸರದ್ದು, ಅದೂ ಅಷ್ಟೇನೂ ಒಳ್ಳೆ ಹೆಂಗಸರದ್ದಲ್ಲ ಅಂತ ನೇರವಾಗಿ ಬರೆದ. ಬೇರೆ ಯಾರಾದರೂ ಆಗಿದ್ದರೆ ಕಾಗದ ಬುಟ್ಟಿಗೆ ಹಾಕುತ್ತಿದ್ದರು, ಅಲ್ವಾ? ಫ್ಲೆಮಿಂಗ್ ಉತ್ತರ ಬರೆದ, ಮತ್ತೆ ಕೇಳಿದ, ಕಾಗದಗಳು ಓಡಾಡಿದವು. ಅಷ್ಟು ಸಾಲದೆಂದು ಮುಂದಿನ ಪುಸ್ತಕದ ಮುಖಪುಟ ಬರೆಯುವ ಕಲಾವಿದನಿಗೆ ನೋಡಲಿಕ್ಕೆ ಬೂತ್‌ರಾಯ್ಡ್‌ನ ರಿವಾಲ್ವರನ್ನೇ ಎರವಲು ತರಿಸಿದ. ಆಗಲೇ ಗ್ಲಾಸ್ಗೋ ಕಡೆ ಕೊಲೆಗಳಾಗಬೇಕೇ! ಅದೇ ಅಳತೆಯ ಗುಂಡು. ನಿನ್ನ ರಿವಾಲ್ವರ್ ಎಲ್ಲಿ ಅಂತ ಪೊಲೀಸರು ಬಂದರೆ, ಪಾಪ, ಇವನು ಏನು ಹೇಳಬೇಕು? ಚಿತ್ರ ಬರೆಸಿಕೊಳ್ಳಲಿಕ್ಕೆ ಹೋಗಿದೆ ಸ್ವಾಮಿ ಅಂತಲೇ? ಕೊನೆಗೆ ಹೇಗೋ ಬಗೆಹರಿಯಿತು. 1958ರ ‘ಡಾಕ್ಟರ್ ನೋ’ದಲ್ಲಿ ಬಾಂಡ್‌ನ ಬೆರೆಟ್ಟಾ ಕಿತ್ತುಕೊಂಡು ವಾಲ್ಥರ್ ಪಿಪಿಕೆ ಅನ್ನುವ ಬೇರೆ ಪಿಸ್ತೂಲು ಕೊಡುತ್ತಾರೆ. ತಂದುಕೊಡುವ ಶಸ್ತ್ರ ತಜ್ಞನ ಹೆಸರು? ಮೇಜರ್ ಬೂತ್‌ರಾಯ್ಡ್! ಸಿನಿಮಾದಲ್ಲಿ ಬಾಂಡ್‌ಗೆ ಶಸ್ತ್ರ, ಉಪಕರಣ ಕೊಡುವ, ನೀವು ‘ಕ್ಯೂ’ ಅಂತ ನೋಡುವವನು ಇವನೇ. ಒಂದು ಕಾಗದ, ಒಂದು ಮೇಜು. ಅಷ್ಟೇ.

ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಬೇಗ ಹೇಳುತ್ತೇನೆ. ಬಾಂಡ್ ಅನ್ನುವ ಹೆಸರೂ ಆ ಜಮೈಕಾದ ಮನೆಯಲ್ಲಿದ್ದ ಹಕ್ಕಿಗಳ ಪುಸ್ತಕದ್ದು, ಅದನ್ನು ಬರೆದವನು ಜೇಮ್ಸ್ ಬಾಂಡ್ ಅನ್ನುವ ಅಮೆರಿಕದ ಪಕ್ಷಿತಜ್ಞ. ಬಾಂಡ್‌ನ ಮೇಲಧಿಕಾರಿ ‘ಎಂ’ ಪಾತ್ರದಲ್ಲಿ ಗಾಡ್‌ಫ್ರೀ ಛಾಯೆ ಇದೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಹೋಗಲಿ.

ಇಂಥ ಪ್ರದರ್ಶನಕ್ಕೆ ಹೋದರೆ ಅಂಗಿ ಆಮೇಲೆ ನೋಡಿ, ಮೊದಲು ಮೇಜು ನೋಡಿ. ಅವತ್ತು ಅದರ ಮುಂದೆ ನಿಂತಿದ್ದವರು ಇಬ್ಬರೇ, ನಾನು ಮತ್ತು ಕಾವಲುಗಾರ. ಅವನು ಗಡಿಯಾರ ನೋಡುತ್ತಿದ್ದ. ಇಲ್ಲೂ ಅದನ್ನೇ ನೋಡುತ್ತಿದ್ದಾರೆ. ನಮಸ್ಕಾರ.