ಎರಡು ರಿಪ್ಪರ್ ಕೊಡಿ: ನ್ಯೂಜೆರ್ಸಿಯ ಹಾಟ್ ಡಾಗ್ ಅಂಗಡಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಎಡಿಸನ್ ಅಂತ ಒಂದು ಊರು. ನನ್ನ ಮಗಳು ಅಲ್ಲಿದ್ದಾಳೆ. ಅಲ್ಲಿನ ಓಕ್ ಟ್ರೀ ರಸ್ತೆಗೆ ಹೋದರೆ ಮಸಾಲೆ ದೋಸೆ ಸಿಗುತ್ತದೆ, ಕಾಫಿ ಸಿಗುತ್ತದೆ. ಮಕ್ಕಳ ಮನೆಗೆ ಹೋದ ನಮ್ಮ ಕಡೆಯವರು ಎಷ್ಟೋ ಜನ ತಿಂಗಳುಗಟ್ಟಲೆ ಅದನ್ನೇ ತಿಂದು ವಾಪಸ್ ಬರುತ್ತಾರೆ. ನಾನೂ ಹಾಗೇ ಬರುತ್ತಿದ್ದೆನೇನೋ. ಒಂದು ಭಾನುವಾರ ಮಗಳು ಕಾರು ಹತ್ತಿಸಿಕೊಂಡು ಉತ್ತರದ ಕಡೆ ಹೊರಟಳು. ಕ್ಲಿಫ್ಟನ್ ಅನ್ನುವ ಊರಿನಲ್ಲಿ ನಿಲ್ಲಿಸಿದಳು. "ಇಲ್ಲಿ ಹಾಟ್ ಡಾಗ್ ಅಂತ ಕೇಳ್ಬೇಡಪ್ಪ, ರಿಪ್ಪರ್ ಅನ್ನು" ಅಂದಳು.

ಹಾಟ್ ಡಾಗ್ ಅಂದರೆ ಉದ್ದನೆಯ ಬನ್ನಿನ ನಡುವೆ ಇಟ್ಟ ಸಾಸೇಜ್. ಸಾಸೇಜ್ ಅಂದರೆ ಅರೆದ ಮಾಂಸವನ್ನು ತೆಳು ಪೊರೆಯೊಳಗೆ ತುಂಬಿ ಮಾಡಿದ್ದು. ಅದರಲ್ಲಿರುವುದು ಹೆಚ್ಚಾಗಿ ದನದ ಮಾಂಸ, ಕೆಲವು ಕಡೆ ಹಂದಿ ಮಾಂಸವೂ ಸೇರಿರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಿನ್ನದವರು ಕೌಂಟರ್‌ನಲ್ಲಿ ಕೇಳಿ ತಿಳಿದುಕೊಳ್ಳಿ.

ಮಗಳು ಕರೆದುಕೊಂಡು ಹೋದ ಅಂಗಡಿಯ ಹೆಸರು ರಟ್ಸ್ ಹಟ್. 1928ರಲ್ಲಿ ಶುರುವಾದದ್ದು. ಒಳಗೆ ಒಂದು ಉದ್ದನೆಯ ಕೌಂಟರ್, ಕಿಟಕಿಯ ಪಕ್ಕ ನಿಂತು ತಿನ್ನಲು ಹಲಗೆ. ನಮ್ಮ ದರ್ಶಿನಿ ಇದ್ದ ಹಾಗೆಯೇ ಅನ್ನಿ. ಇಲ್ಲಿ ಸಾಸೇಜನ್ನು ಬೇಯಿಸುವುದಿಲ್ಲ, ಸುಡುವುದೂ ಇಲ್ಲ. ಕಾದ ಎಣ್ಣೆಯಲ್ಲಿ ಮುಳುಗಿಸಿ ಕರಿಯುತ್ತಾರೆ. ಒಳಗಿನ ನೀರು ಆವಿಯಾಗಿ ಹೊರಗಿನ ಪೊರೆ ಪಟ್ ಅಂತ ಬಿರಿಯುತ್ತದೆ. ಹಾಗೆ ಬಿರಿದದ್ದೇ ರಿಪ್ಪರ್. ಅಂಚೆಲ್ಲ ಗರಿಗರಿ, ಬಿರುಕಿನ ಒಳಗೆ ಮೆತ್ತಗೆ. ಎಣ್ಣೆಗೆ ಹಾಕಿ ಕೂಡಲೇ ತೆಗೆದರೆ ಅದಕ್ಕೆ 'ಇನ್ ಅಂಡ್ ಔಟರ್' ಅಂತ ಹೆಸರು. ಇನ್ನೂ ಜಾಸ್ತಿ ಕರಿದರೆ 'ವೆಲ್ಲರ್'. ಕಪ್ಪಾಗುವ ತನಕ ಬಿಟ್ಟರೆ 'ಕ್ರಿಮೇಟರ್'. ಮೇಲೆ ಹಾಕಿಕೊಳ್ಳಲು ಅವರದೇ ಒಂದು ಹಳದಿ ರೆಲಿಶ್ ಇದೆ. ಸಾಸಿವೆ, ಎಲೆಕೋಸು ಹಾಕಿ ಮಾಡಿದ್ದು. ಪೂರ್ತಿ ಪಾಕ ಹೊರಗಿನವರಿಗೆ ಹೇಳುವುದಿಲ್ಲವಂತೆ. ಎಣ್ಣೆಯಲ್ಲಿ ಕರಿದ ಮಾಂಸದ ಜಿಡ್ಡಿಗೆ ಅದರ ಹುಳಿ, ಸಿಹಿ, ಘಾಟು ಹೇಳಿಮಾಡಿಸಿದಂತೆ ಹೊಂದುತ್ತದೆ. ನಾನು ಒಂದು ತಿಂದೆ. ಸುಮ್ನೆ ನಿಂತೆ. ಇನ್ನೊಂದು ತಗೊಂಡೆ.

ನ್ಯೂಜೆರ್ಸಿ ಪುಟ್ಟ ರಾಜ್ಯ. ಕರ್ನಾಟಕದ ಎಂಟನೇ ಒಂದು ಪಾಲಿಗಿಂತ ಚಿಕ್ಕದು. ಆದರೂ ಊರು ಬದಲಾದ ಹಾಗೆ ಹಾಟ್ ಡಾಗ್ ಬದಲಾಗುತ್ತದೆ. ಅಲ್ಲಿಗೆ ಇಟಲಿಯಿಂದ, ಗ್ರೀಸ್‌ನಿಂದ, ಜರ್ಮನಿಯಿಂದ ಜನ ಬಂದು ಕಾರ್ಖಾನೆಗಳಲ್ಲಿ ದುಡಿದರು. ಕಡಿಮೆ ದುಡ್ಡಿಗೆ, ಬೇಗ ಹೊಟ್ಟೆ ತುಂಬುವ ತಿಂಡಿ ಬೇಕಿತ್ತು. ಸಾಸೇಜ್ ಎಲ್ಲರಿಗೂ ಒಂದೇ. ಅದಕ್ಕೆ ಏನು ಸೇರಿಸಬೇಕು ಅನ್ನುವುದನ್ನು ಒಬ್ಬೊಬ್ಬರು ತಮ್ಮ ಅಡುಗೆಮನೆಯಿಂದ ತಂದರು.

ನ್ಯೂವಾರ್ಕ್ ನಗರದ ಇಟಾಲಿಯನ್ ಹಾಟ್ ಡಾಗ್ ನೋಡಿ. 1932ರಲ್ಲಿ ಜಿಮ್ಮಿ ಬಫ್ಸ್ ಅನ್ನುವ ಅಂಗಡಿಯಲ್ಲಿ ಹುಟ್ಟಿದ್ದು. ಮನೆಯಲ್ಲಿ ಇಸ್ಪೀಟು ಆಡಲು ಬರುತ್ತಿದ್ದ ಗೆಳೆಯರಿಗೆ ಯಜಮಾನನ ಹೆಂಡತಿ ಮಾಡಿ ಬಡಿಸುತ್ತಿದ್ದ ತಿಂಡಿಯೇ ಅಂಗಡಿಗೆ ಬಂತು ಅಂತ ಕಥೆ. ಆಟದಲ್ಲಿ ಯಜಮಾನ ಜಿಮ್ಮಿ ಚೆನ್ನಾಗಿ ಬ್ಲಫ್ ಮಾಡುತ್ತಿದ್ದ, ಅಂದರೆ ಕೈಯಲ್ಲಿ ಒಳ್ಳೆ ಎಲೆ ಇಲ್ಲದಿದ್ದರೂ ಇದ್ದ ಹಾಗೆ ನಟಿಸುತ್ತಿದ್ದ, ಇಟಾಲಿಯನ್ ಬಾಯಲ್ಲಿ ಅದು 'ಬಫ್' ಆಯಿತು ಅನ್ನುತ್ತಾರೆ. ಮುಂದೆ ಅದೇ ಮನೆತನದವರು ಪಕ್ಕದ ವೆಸ್ಟ್ ಆರೆಂಜ್‌ನಲ್ಲಿ ಅಂಗಡಿ ನಡೆಸಿದರು.

ಇದಕ್ಕೆ ಬನ್ನು ಇಲ್ಲ. ಪಿಜ್ಜಾ ಬ್ರೆಡ್ ಅನ್ನುವ ದುಂಡನೆಯ, ಸ್ವಲ್ಪ ಜಗಿಯಬೇಕಾದ ಬ್ರೆಡ್ಡನ್ನು ಕತ್ತರಿಸಿ, ಜೇಬಿನ ಹಾಗೆ ಬಿಡಿಸುತ್ತಾರೆ. ಜೇಬಿನೊಳಗೆ ಸಾಸಿವೆ ಸವರಿ ಸಾಸೇಜ್ ಇಟ್ಟು, ಮೇಲೆ ಕರಿದ ದೊಣ್ಣೆ ಮೆಣಸಿನಕಾಯಿ, ಈರುಳ್ಳಿ, ಕೊನೆಗೆ ದುಂಡಗೆ ಹೆಚ್ಚಿ ಕರಿದ ಆಲೂಗಡ್ಡೆ ತುಂಬುತ್ತಾರೆ. ಕರಿಯುವ ಬಾಣಲೆ ಅಗಲವಾಗಿ, ಓರೆಯಾಗಿರುತ್ತದೆ. ತಗ್ಗಿನಲ್ಲಿ ಎಣ್ಣೆ. ಬೆಂದದ್ದನ್ನು ಸಟ್ಟುಗದಲ್ಲಿ ಮೇಲಕ್ಕೆ ಎಳೆದು ಇಡುತ್ತಾರೆ, ಎಣ್ಣೆ ಬಸಿದು ಕೆಳಗೆ ಇಳಿಯುತ್ತದೆ. ಜಾತ್ರೆಯಲ್ಲಿ ಬೋಂಡ ಕರಿಯುವವರು ಬಾಣಲೆಯ ಅಂಚಿಗೆ ಎಳೆದು ಬಿಡ್ತಾರಲ್ವಾ, ಹಾಗೆ. ಬರೀ ಆಲೂಗಡ್ಡೆ, ಮೆಣಸಿನಕಾಯಿ ತುಂಬಿಸಿ ಕೊಡಿ ಅಂತ ಕೇಳುವ ಆಸೆ ಸಸ್ಯಾಹಾರಿಗಳಿಗೆ ಆಗಬಹುದು. ಎಣ್ಣೆ ಮಾತ್ರ ಒಂದೇ, ನೆನಪಿರಲಿ.

ಪ್ಯಾಟರ್ಸನ್ ಇನ್ನೊಂದು ಊರು. ನಮ್ಮ ರಾಮನಗರದ ಹಾಗೆ ಅದಕ್ಕೂ ರೇಷ್ಮೆ ನಗರ ಅಂತಲೇ ಹೆಸರು. 77 ಅಡಿ ಎತ್ತರದ ಜಲಪಾತದ ನೀರನ್ನು ಕಾಲುವೆಗೆ ತಿರುಗಿಸಿ ಗಿರಣಿ ನಡೆಸಿದ ಊರು. ಅಲ್ಲಿ 1924ರ ಸುಮಾರಿಗೆ ಹುಟ್ಟಿದ್ದು ಟೆಕ್ಸಾಸ್ ವೀನರ್ ಅನ್ನುವ ಹಾಟ್ ಡಾಗ್. ಹೆಸರು ಟೆಕ್ಸಾಸಿನದು, ಕೈ ಗ್ರೀಕರದು. ಕರಿದ ಸಾಸೇಜಿನ ಮೇಲೆ ಮೊದಲು ಸಾಸಿವೆ, ಆಮೇಲೆ ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಅದರ ಮೇಲೆ ಖಾರದ ಕೈಮಾ ಸಾಸ್. ಮೂರೂ ಬೇಕಾದರೆ 'ಆಲ್ ದ ವೇ' ಅನ್ನಬೇಕು. ಆ ಸಾಸಿನಲ್ಲಿ ನನಗೆ ಚಕ್ಕೆ, ಜೀರಿಗೆಯ ವಾಸನೆ ಬಂತು. ದೂರದ ಊರಿನಲ್ಲಿ ಪರಿಚಯದವರು ಎದುರಾದಷ್ಟು ಸಂತೋಷವಾಯಿತು. ಜಲಪಾತದ ಹತ್ತಿರ ಲಿಬ್ಬೀಸ್ ಲಂಚ್ ಅನ್ನುವ ಹೆಸರಾಂತ ಅಂಗಡಿ ಇತ್ತು. 1936ರಿಂದ 2006ರವರೆಗೆ, 70 ವರ್ಷ ನಡೆದು ಮುಚ್ಚಿತು. ಅದನ್ನು ನೋಡಲಾಗಲಿಲ್ಲ ಅನ್ನುವ ಕೊರಗು ನನಗಿದೆ. ಇದೇ ರುಚಿಗೆ ನಾವು ಹೋದದ್ದು ಕ್ಲಿಫ್ಟನ್ನಿನ ಹಾಟ್ ಗ್ರಿಲ್‌ಗೆ. 1961ರ ಅಂಗಡಿ. ಹೇಳಿ ಮುಗಿಸುವಷ್ಟರಲ್ಲಿ ತಟ್ಟೆ ಕೈಗೆ ಬರುತ್ತದೆ.

ಫೋರ್ಟ್ ಲೀ ಅನ್ನುವ ಊರಿನಲ್ಲಿ ಹೈರಮ್ಸ್ ಅನ್ನುವ ಅಂಗಡಿ ಇದೆ, 1932ರದು. ಅಡುಗೆಯವರೂ ಬರಹಗಾರರೂ ಆಗಿದ್ದ ಆಂಥನಿ ಬೋರ್ಡೇನ್ ಚಿಕ್ಕಂದಿನಿಂದ ಪ್ರೀತಿಸಿದ ಜಾಗ. ಅವರ ನೆನಪಿಗೆ ರಾಜ್ಯ ಸರ್ಕಾರ ಗುರುತಿಸಿದ ಹತ್ತು ತಾಣಗಳಲ್ಲಿ ಅದೂ ಒಂದು. ಕಡಲ ತೀರದ ಕಡೆ ಹೋದರೆ ಲಾಂಗ್ ಬ್ರಾಂಚ್‌ನಲ್ಲಿ ಗಾಳಿಯಂತ್ರದ ಆಕಾರದಲ್ಲೇ ಕಟ್ಟಿದ ವಿಂಡ್‌ಮಿಲ್ ಅನ್ನುವ ಹಾಟ್ ಡಾಗ್ ಅಂಗಡಿ ಕಾಣುತ್ತದೆ. ಮಕ್ಕಳಿದ್ದರೆ ಅಲ್ಲಿಗೆ ಹೋಗಿ.

ಒಂದೇ ದಿನ ಬಿಡುವಿದ್ದರೆ ಬೆಳಿಗ್ಗೆ ಪ್ಯಾಟರ್ಸನ್ ಜಲಪಾತ ನೋಡಿ ಕ್ಲಿಫ್ಟನ್‌ಗೆ ಇಳಿಯಿರಿ. ಇಟಾಲಿಯನ್ ಹಾಟ್ ಡಾಗ್ ಕೊನೆಗಿರಲಿ, ಅದು ಭಾರಿ ಊಟ. ಕಾಲು ಬ್ರೆಡ್ಡಿನದ್ದೇ ಒಬ್ಬರಿಗೆ ಸಾಕು. ಮನೆಗೆ ಮಾತ್ರ ಕಟ್ಟಿಸಿಕೊಳ್ಳಬೇಡಿ. ನಾನು ಒಮ್ಮೆ ರಿಪ್ಪರ್ ಕಟ್ಟಿಸಿಕೊಂಡು ಎಡಿಸನ್‌ವರೆಗೆ ತಂದೆ. ಪೊರೆ ಮೆತ್ತಗಾಗಿತ್ತು, ಬನ್ನು ಒದ್ದೆಯಾಗಿತ್ತು. ಕಾರಿನ ಬಾನೆಟ್ ಮೇಲೆ ಕಾಗದ ಹಾಸಿಯಾದರೂ ಸರಿ, ಅಲ್ಲೇ, ಬಿಸಿಬಿಸಿ ಇರುವಾಗಲೇ ತಿಂದುಬಿಡಿ.

ನಮಸ್ಕಾರ.